ತವರಿಗೆ ಬಿಟ್ಟ ಮರಿಗಳು

ಕಪ್ಪೆಗಳ ಕೋಣೆಯ ಬಾಗಿಲು ತೆಗೆಯುವ ಮುನ್ನ ಕಣ್ಣು ಮುಚ್ಚಿ ದೇವರನ್ನು ನೆನೆಯುವುದು ನನ್ನ ಬಹಳ ವರ್ಷಗಳ ರೂಢಿ. ಜೀವಶಾಸ್ತ್ರದ ಪ್ರಾಧ್ಯಾಪಕಿಯೊಬ್ಬಳು ಬೀಗದ ಕೈ ಹಿಡಿದುಕೊಂಡು ಬಾಗಿಲ ಮುಂದೆ ತುಟಿ ಅಲುಗಿಸುವುದನ್ನು ಕಂಡು ನಕ್ಕವರಿದ್ದಾರೆ. ನಗಲಿ. ಮೊದಲೆಲ್ಲ ನನ್ನ ಪ್ರಾರ್ಥನೆ ಚಿಕ್ಕದಾಗಿತ್ತು. ಒಳಗಿರುವ ಜೀವಗಳು ಚೆನ್ನಾಗಿರಲಿ ಎಂದಷ್ಟೇ. ಆ ವರ್ಷ ಮಾತ್ರ ನಾನು ಬೇಕಾದದ್ದನ್ನು ಬಿಡಿಸಿ ಹೇಳಿ ಕೇಳತೊಡಗಿದ್ದೆ. ನನಗೆ ಒಂದು ಗಂಡು ಕಪ್ಪೆ ಬೇಕಾಗಿತ್ತು. ಅದು ಕಲ್ಲುಗಣಿಯ ವಂಶದ್ದೇ ಆಗಿರಬೇಕು, ಆದರೆ ನಮ್ಮ ತೊಟ್ಟಿಯಲ್ಲಿದ್ದ ಹೆಣ್ಣಿಗೆ ಅಣ್ಣನೋ ತಮ್ಮನೋ ಆಗಿರಬಾರದು.

ಊರಾಚೆ ಕೆಲಸ ನಿಂತುಹೋದ ಒಂದು ಹಳೆಯ ಕಲ್ಲುಗಣಿಯಿದೆ. ಅದರ ತಳದಲ್ಲಿ ನೀರು ನಿಂತು ಹೊಂಡವಾಗಿದೆ. ಅಲ್ಲಿದ್ದದ್ದು ಬೆನ್ನು ಕೆಸರಿನ ಬಣ್ಣದ, ಹೊಟ್ಟೆಯ ಮೇಲೆ ಹಳದಿ ಮಚ್ಚೆಗಳಿರುವ ಪುಟ್ಟ ಕಪ್ಪೆ. ಇಂಥವು ಬಯಲಿನ ಕೊಳಗಳಲ್ಲೂ ಇವೆ. ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಗಣಿಯ ಕಪ್ಪೆಗೆ ಗಂಟಲ ಕೆಳಗೆ ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು ಪಟ್ಟಿಯಾಗಿರುತ್ತವೆ, ಅಷ್ಟೆ. ಆದರೆ ಅವುಗಳ ಡಿಎನ್‌ಎ ಓದಿದಾಗ ಅವು ಬಹು ಹಿಂದೆಯೇ ಬೇರೆಯಾದ ಕವಲು ಎಂದು ತಿಳಿಯಿತು. ನನ್ನ ವೃತ್ತಿಯ ಹೆಚ್ಚಿನ ಭಾಗ ಆ ಕವಲನ್ನು ಅರಿಯುವುದರಲ್ಲಿಯೇ ಕಳೆದಿದೆ. ಆಮೇಲೆ ಗಣಿಯ ತಣ್ಣನೆಯ ನೀರಿಗೆ ಕಪ್ಪೆಗಳ ಚರ್ಮವನ್ನು ತಿನ್ನುವ ಬೂಸು ರೋಗ ಬಂತು. ಹೊಂಡದಲ್ಲಿ ಒಂದು ಕಪ್ಪೆಯೂ ಉಳಿಯಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ನಾವು ತಂದಿದ್ದ ಒಂದು ಮೊಟ್ಟೆಯ ಗೊಂಚಲಿನಿಂದ ಹುಟ್ಟಿದವು ಮಾತ್ರ ನಮ್ಮ ತೊಟ್ಟಿಯಲ್ಲಿ ಉಳಿದವು. ಒಂದೇ ತಾಯಿ ತಂದೆಯ ಮಕ್ಕಳು. ವರ್ಷ ಕಳೆದಂತೆ ಹೆಣ್ಣುಗಳಲ್ಲಿ ಒಂದೇ ಉಳಿಯಿತು. ಪ್ರತಿ ವಸಂತದಲ್ಲೂ ಅದು ಮೊಟ್ಟೆ ಇಡುತ್ತಿತ್ತು; ಆ ಮೊಟ್ಟೆಗಳು ಎರಡು ದಿನ ಕಪ್ಪಗಿದ್ದು, ಆಮೇಲೆ ಬೆಳ್ಳಗೆ ತಿರುಗಿ, ಹತ್ತಿಯಂತೆ ಬಿರಿದು ಹಾಳಾಗುತ್ತಿದ್ದವು. ರಕ್ತ ತೀರ ಹತ್ತಿರದ್ದಾದರೆ ಹೀಗಾಗುತ್ತದೆ.

ಮೊಟ್ಟೆ ಬೆಳ್ಳಗಾದಾಗಲೆಲ್ಲ ನನಗೆ ನಮ್ಮ ಮನೆಯವರ ಮಾತು ನೆನಪಾಗುತ್ತಿತ್ತು. ಅವರು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದರು. ಒಳ್ಳೆಯ ಕಾಲದಲ್ಲಿ ಒಮ್ಮೆ ನಾನು ಮನೆಗೆ ತಂದಿದ್ದ ಗಾಜಿನ ತಟ್ಟೆಯನ್ನು ತಮ್ಮ ಭೂತಗನ್ನಡಿಯಲ್ಲಿ ದಿಟ್ಟಿಸಿ, “ಏನು ಮೇಷ್ಟ್ರೇ, ನಿನ್ನೆ ಎಲ್ಲಾ ಪೂರ್ಣವಿರಾಮ ಇತ್ತು, ಇವತ್ತು ಅಲ್ಪವಿರಾಮ ಆಗಿದೆಯಲ್ಲ! ನಮ್ಮ ಪ್ರೆಸ್ಸಲ್ಲಿ ಹೀಗೆ ಮಾಡಿದ್ರೆ ಚೆನ್ನಾಗಿ ಉಗೀತಾರೆ” ಎಂದಿದ್ದರು. ಅವರು ನನ್ನನ್ನು ಕರೆಯುತ್ತಿದ್ದದ್ದು ಮೇಷ್ಟ್ರೇ ಎಂದೇ. ನಿಜಕ್ಕೂ ಹಾಗೆಯೇ ಕಾಣುತ್ತದೆ. ಬದುಕುವ ಮೊಟ್ಟೆಯಾದರೆ ದುಂಡನೆಯ ಚುಕ್ಕೆ ಉದ್ದವಾಗಿ, ಸಣ್ಣದೊಂದು ಬಾಲ ಎಳೆದುಕೊಳ್ಳುತ್ತದೆ.

ಅವರು ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಬದುಕಿದ್ದಾಗ ಬೆಳಗಿನ ಪತ್ರಿಕೆ ಬಂದ ಕೂಡಲೇ ಕೆಂಪು ಪೆನ್ನು ಹಿಡಿದು ಅಕ್ಷರದ ತಪ್ಪುಗಳಿಗೆ ಸುತ್ತು ಹಾಕುತ್ತಿದ್ದರು. ಯಾರಿಗೂ ಕಳಿಸುವುದಕ್ಕಲ್ಲ, ತಮ್ಮ ಸಮಾಧಾನಕ್ಕೆ. ನಾನು ಓದುವ ಹೊತ್ತಿಗೆ ಪುಟ ಕೆಂಪಾಗಿರುತ್ತಿತ್ತು. ಈಗ ಪತ್ರಿಕೆ ತಪ್ಪುಗಳ ಸಮೇತ ಹಾಗೆಯೇ ಮೇಜಿನ ಮೇಲೆ ಇರುತ್ತದೆ. ಓದಲು ಕೂತರೆ ನನಗೂ ತಪ್ಪು ಕಾಣುತ್ತದೆ. ಸುತ್ತು ಹಾಕಲು ಕೈ ಬರುವುದಿಲ್ಲ.

ಆ ಚಳಿಗಾಲದ ಕೊನೆಯಲ್ಲಿ ವಿಭಾಗದ ಮುಖ್ಯಸ್ಥರು ನನ್ನ ಕೋಣೆಗೆ ಬಂದರು. ನನ್ನ ಕೈಯಲ್ಲೇ ಪಾಠ ಕಲಿತವರು. ಕೂರಲು ಹೇಳುವವರೆಗೂ ಕೂರಲಿಲ್ಲ.

“ಮೇಡಂ, ಮನಸ್ಸಿಗೆ ಹಚ್ಕೋಬೇಡಿ. ಆ ಹೆಣ್ಣಿಗೆ ವಯಸ್ಸಾಯ್ತು. ಇದೊಂದು ಋತು ಸಿಕ್ಕಿದ್ರೆ ಪುಣ್ಯ. ಬಯಲಿನ ಗಂಡು ತಂದು ಜೊತೆ ಮಾಡಿ.”

“ಬಯಲಿನದು ತಂದ್ರೆ ಏನಾಗುತ್ತೆ ಅಂತ ನಿನಗೆ ಗೊತ್ತಿಲ್ವೇನಪ್ಪ? ಮಕ್ಕಳಲ್ಲಿ ಅರ್ಧ ಹೋಯ್ತು. ಮೊಮ್ಮಕ್ಕಳಿಗೂ ಬಯಲಿನದೇ ಜೊತೆ ಹುಡುಕಬೇಕು. ಆಮೇಲೆ ಗಣಿಯದು ಅನ್ನೋದು ಎಲ್ಲಿ ಉಳೀತು? ನೀರಿಗೆ ಹಾಕಿದ ಉಪ್ಪು.”

“ಈಗ ಏನು ಉಳಿದಿದೆ ಹೇಳಿ. ನಾಲ್ಕು ಮುದಿ ಕಪ್ಪೆ. ಸುಮ್ನೆ ಬಿಟ್ರೆ ಆ ಅರ್ಧಾನೂ ಇಲ್ಲ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಆ ಮೀನಿನ ಸಂಶೋಧನೆಯವರು ಕಪ್ಪೆ ಕೋಣೆ ಬಿಟ್ಕೊಡಿ ಅಂತ ದಿನಾ ನನ್ನ ತಲೆ ತಿಂತಿದಾರೆ. ಈ ಸಲಾನೂ ಮೊಟ್ಟೆ ಬೆಳ್ಳಗಾದ್ರೆ ನಾನು ಅವರನ್ನ ತಡೆಯೋಕಾಗಲ್ಲ.”

“ಗಣಿಯ ಗಂಡು ಇನ್ನೊಂದು ಸಿಕ್ಕಿದ್ರೆ?”

“ಎಲ್ಲಿಂದ ಸಿಗುತ್ತೆ ಮೇಡಂ? ಆಕಾಶದಿಂದ ಉದುರುತ್ತಾ?” ಎಂದವರು, ನನ್ನ ರೂಢಿ ನೆನಪಾಗಿಯೋ ಏನೋ, ತುಸು ನಾಚಿಕೊಂಡು, “ನೀವು ಕೇಳ್ಕೊಳ್ತಿದೀರಿ ಅಂತ ಗೊತ್ತು. ನನ್ನ ಪರವಾಗಿಯೂ ಒಂದು ಮಾತು ಹೇಳಿ” ಎಂದರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ನನಗೆ ಕಷ್ಟವಾಗಿದ್ದು.

ನನ್ನ ಜೊತೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳಿದ್ದಳು. ತೆಳ್ಳಗೆ, ಮಾತು ಚುಚ್ಚುವ ಹಾಗೆ. ಲ್ಯಾಬಿನಲ್ಲಿ ಎಲ್ಲರೂ ಸೂಜಿ ಎನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಗಣಿಯದಕ್ಕೂ ಬಯಲಿನದಕ್ಕೂ ಇರುವ ಅಂತರವನ್ನು ಅಳೆಯಲು ಅವಳು ಬಯಲಿನ ಕೊಳಗಳಿಗೆಲ್ಲ ತಿರುಗಿ ಮಾದರಿ ತರುತ್ತಿದ್ದಳು. ಕೆಲಸ ಸುಲಭದ್ದೇ. ಕಪ್ಪೆಯನ್ನು ಹಿಡಿದು, ಒಂದು ಹತ್ತಿಯ ಕಡ್ಡಿಯನ್ನು ಅದರ ಬಾಯಿಯೊಳಗೆ ಮೆಲ್ಲಗೆ ಆಡಿಸಿ, ಕಡ್ಡಿಯ ತುದಿಯನ್ನು ಸೀಸೆಗೆ ಮುರಿದುಕೊಂಡು, ಕಪ್ಪೆಯನ್ನು ನೀರಿಗೆ ಬಿಡುವುದು. ಒಂದೊಂದು ಕಪ್ಪೆಗೂ ಹೊಸ ಕೈಗವಸು ಹಾಕಿಕೊಳ್ಳಬೇಕು. ಒಂದರ ಲೋಳೆ ಇನ್ನೊಂದಕ್ಕೆ ತಾಗಿದರೆ ಲೆಕ್ಕವೆಲ್ಲ ತಲೆಕೆಳಗು.

ಕೊನೆಗೆ ಒಂದು ಕೊಳ ಕಡಿಮೆ ಬಿತ್ತು. “ನನ್ನ ತಂಗಿಯ ಮನೆ ಹಿಂದೆ ಒಂದಿದೆ. ಹೋಗಿ ಬಾ. ಕಾಫಿನೂ ಸಿಗುತ್ತೆ” ಎಂದೆ. ಅದು ನನ್ನ ಅಮ್ಮನ ಮನೆ. ಅಮ್ಮ ಹೋದ ಮೇಲೆ ತಂಗಿ ಅಲ್ಲಿಯೇ ಇದ್ದುಕೊಂಡು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ.

ಒಂದು ವಾರವಾದ ಮೇಲೆ ಸೂಜಿ ನನ್ನ ಬಾಗಿಲಲ್ಲಿ ಬಂದು ನಿಂತಳು. ಮುಖ ಬಾಡಿತ್ತು.

“ಮೇಡಂ, ನಾನೆಲ್ಲೋ ಎಡವಟ್ಟು ಮಾಡ್ಕೊಂಡಿದೀನಿ.”

ಪರದೆಯ ಮೇಲೆ ಮರದ ಚಿತ್ರವಿತ್ತು. ಯಾವ ಕಪ್ಪೆ ಯಾವ ಕವಲಿನದು ಎಂದು ತೋರಿಸುವ ಚಿತ್ರ. ಬಯಲಿನ ಕೊಂಬೆಗಳೆಲ್ಲ ಒಂದು ಕಡೆ. ಗಣಿಯದು ಒಂಟಿಯಾಗಿ ಇನ್ನೊಂದು ಕಡೆ. ಆ ಒಂಟಿ ಕೊಂಬೆಯ ಮೇಲೆ ತಂಗಿಯ ಮನೆಯ ಕೊಳದ ಕೆಲವು ಕಪ್ಪೆಗಳು ಕೂತಿದ್ದವು. ಅವಳು ನೋಡಿದ್ದು ಡಿಎನ್‌ಎಯಲ್ಲಿ ತಾಯಿಯಿಂದ ಮಾತ್ರ ಬರುವ ಭಾಗ. ತಂದೆ ಯಾರೇ ಇರಲಿ, ಆ ಭಾಗ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ, ಮನೆಯ ಬೀಗದ ಕೈ ದಾಟಿದ ಹಾಗೆ ದಾಟುತ್ತ ಹೋಗುತ್ತದೆ. ಗಣಿಯ ತಾಯಿಯ ಗುರುತು ಊರಿನ ಈ ತುದಿಯ ಕೊಳದಲ್ಲಿ ಇರಲು ಸಾಧ್ಯವೇ ಇರಲಿಲ್ಲ.

“ತೊಟ್ಟಿಗೆ ಹುಳ ಹಾಕಿ, ಅದೇ ಕೈಯಲ್ಲಿ ಸೀಸೆ ಮುಟ್ಟಿದ್ದೀಯ” ಎಂದೆ.

“ಇಲ್ಲ ಮೇಡಂ, ಆಣೆ ಮಾಡಿ ಹೇಳ್ತೀನಿ.”

“ಕಪ್ಪೆ ಆಣೆಗೆ ಬಗ್ಗಲ್ಲ. ಮತ್ತೆ ಮಾಡು.”

ಮತ್ತೆ ಮಾಡಿದಳು. ಬೇರೆ ಕೋಣೆಯಲ್ಲಿ, ಹೊಸ ಪೆಟ್ಟಿಗೆಯಿಂದ ತೆಗೆದ ಸಾಮಾನಿನಲ್ಲಿ. ಮರದ ಚಿತ್ರ ಕದಲಲಿಲ್ಲ. “ಈಗ ಯಾರನ್ನ ಬೈತೀರ?” ಎಂದು ಸೂಜಿ ಕೇಳಿದಳು. ಮರುದಿನ ಬೆಳಿಗ್ಗೆ ನಾವಿಬ್ಬರೂ ತಂಗಿಯ ಮನೆಗೆ ಹೋದೆವು.

ತಂಗಿ ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಸೂಜಿಯ ಅಂಗಿಯ ಗುಂಡಿ ಕಿತ್ತುಹೋಗಿದ್ದನ್ನು ಮೊದಲು ನೋಡಿದಳು.

“ಏನಮ್ಮಾ, ಸೂಜಿ ಅಂತ ಹೆಸರು ಇಟ್ಕೊಂಡು ಒಂದು ಗುಂಡಿ ಹಾಕ್ಕೊಳೋಕೆ ಆಗಲ್ವಾ? ಬಿಚ್ಚಿ ಕೊಡು, ಹಾಕಿಕೊಡ್ತೀನಿ.”

“ಆಮೇಲೆ ಆಂಟಿ. ಮೊದ್ಲು ಕಪ್ಪೆ.”

“ನಿಮ್ಮ ಮೇಡಮ್ಮೂ ಹೀಗೇ. ಮದುವೆ ದಿನಾನೂ ‘ಮೊದ್ಲು ಕಪ್ಪೆ’ ಅಂದಿದ್ಲು.”

ಆ ಕೊಳ ಅಂಥ ದೊಡ್ಡದೇನಲ್ಲ. ಹಿತ್ತಲ ಗೋಡೆಯಾಚೆ, ಯಾರಿಗೂ ಬೇಡವಾದ ತಗ್ಗು. ನೆರಳಿಲ್ಲ, ದಿನವಿಡೀ ಬಿಸಿಲು ಬಿದ್ದು ನೀರು ಬೆಚ್ಚಗಿರುತ್ತದೆ. ನಾನು ಮೊಣಕಾಲೂರಿ ಕೂತು ಬಲೆಯಾಡಿಸಿದೆ. ಬಂದ ಮೊದಲ ಕಪ್ಪೆಯನ್ನು ಅಂಗೈಯಲ್ಲಿ ಮಗುಚಿದೆ. ಅದು ಈ ಜಾತಿಯ ಅಭ್ಯಾಸದಂತೆ ಬೆನ್ನು ಬಾಗಿಸಿ, ತನ್ನ ಹಳದಿ ಹೊಟ್ಟೆಯನ್ನು ತೋರಿಸಿ ನನ್ನನ್ನು ಹೆದರಿಸಲು ನೋಡಿತು. ಗಂಟಲ ಕೆಳಗೆ ಮಚ್ಚೆಗಳು ಕೂಡಿಕೊಂಡು ಪಟ್ಟಿಯಾಗಿದ್ದವು.

ಎಷ್ಟು ಹೊತ್ತು ಅದನ್ನು ನೋಡುತ್ತ ಕೂತಿದ್ದೆನೋ ತಿಳಿಯದು. ನಾನು ಆ ಪಟ್ಟಿಯನ್ನು ಗಣಿಯ ಹೊರಗೆ ಎಲ್ಲಿಯೂ ಕಂಡಿರಲಿಲ್ಲ.

“ಏನಕ್ಕಾ, ಹಾಗೆ ದಿಟ್ಟಿಸ್ತಿದೀಯ?” ಎಂದಳು ತಂಗಿ. “ಸ್ವಂತ ಮಕ್ಕಳ ಗುರುತೂ ಸಿಗಲಿಲ್ವಾ?”

“ಏನೇ ಅದು, ಸ್ವಂತ ಮಕ್ಕಳು?”

“ಮತ್ತೆ? ಭಾವ ತಂದು ಸುರಿದು ಹೋಗಿದ್ರಲ್ಲ, ಆ ನೀಲಿ ಬಕೆಟ್ಟಲ್ಲಿ. ಅಮ್ಮ ಬಾಗಿಲು ತೆಗೆದ್ರೆ ಭಾವ ಹೊಸಿಲ ಮೇಲೆ ಬಕೆಟ್ಟು ಹಿಡ್ಕೊಂಡು ನಿಂತಿದಾರೆ. ಪ್ಯಾಂಟೆಲ್ಲ ನೀರು. ‘ಅತ್ತೆ, ನಿಮ್ಮ ಮೊಮ್ಮಕ್ಕಳು ಬಂದಿದಾರೆ. ಮೇಷ್ಟ್ರು ತವರಿಗೆ ಕಳಿಸಿದಾರೆ’ ಅಂದ್ರು. ನೋಡಿದ್ರೆ ಒಳಗೆ ಬಾಲ ಆಡಿಸ್ಕೊಂಡು ಗೊದಮೊಟ್ಟೆಗಳು! ನಮಗೆ ನಕ್ಕೂ ನಕ್ಕೂ ಸಾಕಾಯ್ತು.”

“ನನಗೆ ಯಾಕೆ ಹೇಳಲಿಲ್ಲವೇ?”

“ಚೆನ್ನಾಗಿದೆ! ನೀನೇ ಕಳಿಸಿರೋದನ್ನ ನಿನಗೇ ಏನಂತ ಹೇಳೋದು?”

ನನಗೆ ಆ ದಿನ ಪೂರ್ತಿಯಾಗಿ ನೆನಪಿಗೆ ಬಂತು. ಗಣಿಯಲ್ಲಿ ರೋಗ ಬರುವುದಕ್ಕೆ ಕೆಲವು ವರ್ಷ ಹಿಂದಿನ ಮಾತು. ಮೊಟ್ಟೆಗಳಲ್ಲಿ ಎಷ್ಟು ಪಾಲು ಒಡೆದು ಮರಿಯಾಗುತ್ತವೆಂದು ನೋಡಲು ಒಂದು ಗೊಂಚಲು ತಂದಿದ್ದೆವು. ನೋಡಿದ್ದಾಗಿತ್ತು, ಮರಿಗಳನ್ನು ವಾಪಸು ಬಿಡಬೇಕಿತ್ತು. ನನಗೆ ಪರೀಕ್ಷೆಯ ಮೇಲ್ವಿಚಾರಣೆ ಬಂತು. ಮುದ್ರಣಾಲಯಕ್ಕೆ ಫೋನು ಮಾಡಿ, “ಲ್ಯಾಬಿನ ಬಾಗಿಲ ಹತ್ತಿರ ನೀಲಿ ಬಕೆಟ್ಟಿದೆ. ಮರಿಗಳನ್ನ ತವರಿಗೆ ಬಿಟ್ಟು ಬನ್ನಿ” ಎಂದು ಹೇಳಿ ಫೋನಿಟ್ಟೆ. ಲ್ಯಾಬಿನಲ್ಲಿ ನಾವೆಲ್ಲ ಗಣಿಯ ಹೊಂಡಕ್ಕೆ ತವರು ಎನ್ನುತ್ತಿದ್ದೆವು, ತೊಟ್ಟಿಗೆ ಅತ್ತೆಮನೆ ಎನ್ನುತ್ತಿದ್ದೆವು. ಬಾಯಲ್ಲಿ ಅದು ಎಷ್ಟು ರೂಢಿಯಾಗಿತ್ತೆಂದರೆ, ಹೊರಗಿನವರಿಗೆ ಆ ಮಾತು ಬೇರೆ ಅರ್ಥ ಕೊಟ್ಟೀತೆಂದು ಹೊಳೆಯಲೇ ಇಲ್ಲ. ಪರರ ಬರಹದಲ್ಲಿ ಒಂದು ಕೊಂಬು ತಪ್ಪಿದರೂ ಹಿಡಿಯುತ್ತಿದ್ದ ಮನುಷ್ಯನಿಗೆ ಹೆಂಡತಿಯ ತವರು ಎಂದರೆ ಹೆಂಡತಿಯ ತವರೇ. ಅದರಲ್ಲಿ ತಿದ್ದುವುದಕ್ಕೆ ಏನಿತ್ತು? ಸಂಜೆ ಅವರು “ಬಿಟ್ಟು ಬಂದೆ. ನಿಮ್ಮಮ್ಮ ಕಾಫಿ ಕೊಟ್ರು” ಎಂದದ್ದೂ ನೆನಪಿದೆ. ಬರುವ ದಾರಿಯಲ್ಲಿ ಅಮ್ಮನನ್ನೂ ನೋಡಿಕೊಂಡು ಬಂದರಲ್ಲ, ಒಳ್ಳೆಯದಾಯಿತು ಎಂದುಕೊಂಡಿದ್ದೆ.

“ಆಮೇಲೆ ಈ ತಗ್ಗು ಮುಚ್ಚಿಸೋಕೆ ಪುರಸಭೆಯವರು ಬಂದಿದ್ರು, ಸೊಳ್ಳೆ ಅಂತ” ಎಂದು ತಂಗಿ ಮುಂದುವರಿಸಿದಳು. “ಅಮ್ಮ ಬಿಡಲೇ ಇಲ್ಲ. ‘ನನ್ನ ಮೊಮ್ಮಕ್ಕಳು ಆಡೋ ಜಾಗ, ಒಂದು ಬುಟ್ಟಿ ಮಣ್ಣು ಬಿದ್ರೂ ನೋಡ್ಕೊಳ್ತೀನಿ’ ಅಂತ ಜಗಳ ತೆಗೆದು ಕಳಿಸಿದ್ಲು. ಅವರು ಗೋಡೆ ಆಚೆ ಇಣುಕಿ ಮಕ್ಕಳನ್ನ ಹುಡುಕಿದ್ದೇ ಹುಡುಕಿದ್ದು.”

ನಮಗೆ ಮಕ್ಕಳಾಗಲಿಲ್ಲ. ಅಮ್ಮ ಆ ಮಾತನ್ನು ಆಗಾಗ ಎತ್ತುತ್ತಿದ್ದಳು, ಯಾವಾಗಲೋ ಬಿಟ್ಟುಬಿಟ್ಟಳು. ಯಾಕೆ ಬಿಟ್ಟಳೆಂದು ನಾನು ಯೋಚಿಸಿರಲಿಲ್ಲ.

ನನಗೆ ನಗು ಬಂತು. ಕೆಸರಿನಲ್ಲಿ ಮೊಣಕಾಲೂರಿ ಕೂತಿದ್ದವಳು ಜೋರಾಗಿ ನಕ್ಕೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆಮೇಲೆ ನಿಲ್ಲಲಿಲ್ಲ. ಅವರು ಹೋದ ದಿನ ಕೂಡ ನಾನು ಹಾಗೆ ಅತ್ತಿರಲಿಲ್ಲ. ಕೈಗವಸು ಹಾಕಿಕೊಂಡಿದ್ದರಿಂದ ಕಣ್ಣೊರೆಸಿಕೊಳ್ಳುವಂತಿರಲಿಲ್ಲ. ತಂಗಿ ತನ್ನ ಸೆರಗಿನಿಂದ ಒರೆಸಿದಳು. ಸೂಜಿ ಏನೂ ತಿಳಿಯದೆ ಒಂದು ಕಪ್ಪೆಯನ್ನು ಹಿಡಿದುಕೊಂಡು ನಿಂತಿದ್ದಳು.

“ಮೇಡಂ,” ಎಂದಳು ಮೆಲ್ಲಗೆ, “ಹಾಗಾದ್ರೆ ನಾನು ತಪ್ಪು ಮಾಡಿಲ್ಲ ಅಲ್ವಾ?”

“ಇಲ್ಲಮ್ಮ. ತಪ್ಪು ಮಾಡಿದವರು ಬೇರೆ. ಬೈಯೋಣ ಅಂದ್ರೆ ಅವರಿಲ್ಲ.”

ಆ ಸಲದ ಮಾದರಿಗಳು ಎಲ್ಲ ಅನುಮಾನವನ್ನೂ ಕಳೆದವು. ಆ ಬಕೆಟ್ಟಿನ ಮರಿಗಳು ನಮ್ಮ ತೊಟ್ಟಿಯ ಕಪ್ಪೆಗಳ ಒಡಹುಟ್ಟುಗಳಲ್ಲ, ಬೇರೆ ತಾಯಿಯವು. ತಂಗಿಯ ಮನೆಯ ಬೆಚ್ಚನೆಯ ನೀರಿನಲ್ಲಿ ಬೂಸು ಬೆಳೆದಿರಲಿಲ್ಲ. ಆದರೆ ಅಲ್ಲಿ ಬಯಲಿನ ಕಪ್ಪೆಗಳೂ ಇದ್ದವು. ಇವು ಅವುಗಳ ಜೊತೆ ಬೆರೆತಿದ್ದವು. ಪೂರ್ತಿ ಗಣಿಯದೆನ್ನುವಂಥದು ಒಂದೂ ಇರಲಿಲ್ಲ. ಸೂಜಿ ಎಲ್ಲವನ್ನೂ ಅಳೆದು ಒಂದು ಗಂಡನ್ನು ಆರಿಸಿದಳು. ಅದರಲ್ಲಿ ಗಣಿಯ ಪಾಲು ಮುಕ್ಕಾಲಿಗೆ ಹತ್ತಿರವಿತ್ತು. ಉಳಿದದ್ದು ಬಯಲಿನದು.

ಮುಖ್ಯಸ್ಥರು ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಮೇಡಂ, ಇದು ಬೆರಕೆಯಲ್ವಾ? ಬಯಲಿನ ರಕ್ತ ಬೇಡ ಅಂತ ಇಷ್ಟು ವರ್ಷ ಹಟ ಹಿಡಿದವರು ನೀವೇ.”

“ಹೌದು.”

“ಮತ್ತೆ?”

“ಒಂದು ದಿನ ಟೈಮು ಕೊಡಪ್ಪ.”

ಆ ಸಂಜೆ ನಾನು ಕಪ್ಪೆಗಳ ಕೋಣೆಯ ಬಾಗಿಲ ಮುಂದೆ ನಿಂತು ಕಣ್ಣು ಮುಚ್ಚಿದೆ. ಏನು ಕೇಳಬೇಕೆಂದು ತಿಳಿಯಲಿಲ್ಲ. ನಾನು ದೇವರನ್ನು ಕೇಳಿದ್ದು ಕಳಂಕವಿಲ್ಲದ ಒಂದು ಗಂಡು. ಹಾಗೆ ಕೇಳುವಾಗ, ಅದು ಇದ್ದರೆ ಯಾವುದೋ ಏಕಾಂತದಲ್ಲಿ, ಯಾರೂ ಮುಟ್ಟದ ನೀರಿನಲ್ಲಿ ಇರಬೇಕೆಂದು ನನ್ನ ಮನಸ್ಸಿನಲ್ಲಿತ್ತು. ದೊರಕಿದ್ದು ನನ್ನ ತಂಗಿಯ ಹಿತ್ತಲಲ್ಲಿ, ಸೊಳ್ಳೆಯ ತಗ್ಗಿನಲ್ಲಿ, ನೆರೆಹೊರೆಯ ಜೊತೆ ಬೆರೆತು ಬದುಕಿದ್ದು. ಆ ಮರಿಗಳು ನಾನು ಹೇಳಿದಲ್ಲಿಗೇ ಹೋಗಿದ್ದರೆ ಉಳಿದವುಗಳ ಜೊತೆ ಅವೂ ಸಾಯುತ್ತಿದ್ದವು. ಬೆರೆಯದಿದ್ದರೆ ಉಳಿಯುತ್ತಿದ್ದವೋ ಇಲ್ಲವೋ. ಒಂದು ಬಕೆಟ್ಟಿನ ಒಡಹುಟ್ಟುಗಳು ಎಷ್ಟು ತಲೆಮಾರು ತಾಳಿಯಾವು? ನಾನು ತೊಟ್ಟಿಯಲ್ಲಿ ಜೋಪಾನವಾಗಿ ಕಾಯ್ದದ್ದು ಬೆಳ್ಳಗಾಗುತ್ತಿತ್ತು. ನಮ್ಮ ಮನೆಯವರು ತಿಳಿಯದೆ ಸುರಿದದ್ದು ಮೊಮ್ಮಕ್ಕಳನ್ನು ಕಂಡಿತ್ತು. ಇದರ ಅರ್ಥವನ್ನು ನಾನು ದೊಡ್ಡದು ಮಾಡಲಾರೆ. ಎಲ್ಲ ಎಡವಟ್ಟುಗಳೂ ಹೀಗೆ ಫಲಿಸುವುದಿಲ್ಲವೆಂದು ಈ ವೃತ್ತಿಯವರಿಗೆ ಚೆನ್ನಾಗಿ ಗೊತ್ತು. ಆದರೆ ಕೊಟ್ಟವನು ಕೊಟ್ಟಾಗ, ಇದಲ್ಲ ನಾನು ಕೇಳಿದ್ದು ಎಂದು ಹಿಂತಿರುಗಿಸುವ ಧೈರ್ಯ ನನಗಾಗಲಿಲ್ಲ.

“ಬರಲಿ” ಎಂದು ಮರುದಿನ ಮುಖ್ಯಸ್ಥರಿಗೆ ಹೇಳಿದೆ. “ಕಾಲು ಭಾಗ ಬಯಲಿನದು ಇದ್ರೆ ಇರಲಿ. ಮುಕ್ಕಾಲು ಮನೆಯದೇ.”

ಗಂಡನ್ನು ಕೆಲವು ವಾರ ಬೇರೆಯಾಗಿಟ್ಟು, ರೋಗವಿಲ್ಲವೆಂದು ಖಚಿತಪಡಿಸಿಕೊಂಡೆವು. ವಸಂತ ಬಂತು. ತೊಟ್ಟಿಯ ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿ ಅದನ್ನು ಒಳಗೆ ಬಿಟ್ಟೆವು. ಮೊದಲ ದಿನವೆಲ್ಲ ಅದು ಕಲ್ಲಿನ ಕೆಳಗೆ ಸೇರಿಕೊಂಡಿತ್ತು. “ಅತ್ತೆಮನೆಗೆ ಬಂದ ಹೊಸ ಅಳಿಯ, ಸಂಕೋಚ” ಎಂದಳು ಸೂಜಿ. ಎರಡನೆಯ ದಿನದ ಸಂಜೆ ಸಣ್ಣ ದನಿಯಲ್ಲಿ ಕೂಗತೊಡಗಿತು. ಬಾಟಲಿಯ ಬಾಯಿಗೆ ಉಸಿರೂದಿದಂಥ ದನಿ. ಮುದಿ ಹೆಣ್ಣು ತಲೆ ಎತ್ತಿತು.

ಮೊಟ್ಟೆಗಳು ಬಂದವು. ನಾನು ಅವುಗಳನ್ನು ಗಾಜಿನ ತಟ್ಟೆಗೆ ತೆಗೆದಿಟ್ಟೆ. ಮೊದಲ ದಿನ ಕಪ್ಪು ಚುಕ್ಕೆಗಳು. ಮರುದಿನವೂ ಕಪ್ಪು ಚುಕ್ಕೆಗಳೇ. ಮುಖ್ಯಸ್ಥರು ಏನೋ ನೆಪ ಮಾಡಿಕೊಂಡು ಬಂದು ಇಣುಕಿ ಹೋಗುತ್ತಿದ್ದರು. ಆ ಮುಂದಿನ ಬೆಳಿಗ್ಗೆ ನಾನು ಮನೆಯಿಂದ ನಮ್ಮ ಮನೆಯವರ ಭೂತಗನ್ನಡಿ ತಂದೆ. ಲ್ಯಾಬಿನಲ್ಲಿ ಅದಕ್ಕಿಂತ ಒಳ್ಳೆಯವು ಎಷ್ಟೋ ಇವೆ. ಆದರೂ ಅದರಲ್ಲೇ ನೋಡಿದೆ. ಕೆಲವು ಬೆಳ್ಳಗಾಗಿದ್ದವು. ಹೆಚ್ಚಿನವು ಆಗಿರಲಿಲ್ಲ. ಅವು ಉದ್ದವಾಗಿ, ಒಂದು ಪಕ್ಕಕ್ಕೆ ಬಾಗಿ, ಬಾಲ ಎಳೆದುಕೊಂಡಿದ್ದವು. ತಟ್ಟೆಯ ತುಂಬ ಅಲ್ಪವಿರಾಮ.

ನಾನು ಕನ್ನಡಿಯನ್ನು ಸೂಜಿಯ ಕೈಗೆ ಕೊಟ್ಟೆ. ಅವಳು ನೋಡಿ, ಕಾರಿಡಾರಿನಲ್ಲಿ ಓಡಿಹೋಗಿ ಮುಖ್ಯಸ್ಥರನ್ನು ಕೈ ಹಿಡಿದು ಎಳೆದುಕೊಂಡು ಬಂದಳು. ಅವರು ಬಗ್ಗಿ ನೋಡಿದರು. “ಮೀನಿನವರಿಗೆ ಬೇರೆ ಕೋಣೆ ಹುಡುಕ್ಬೇಕು” ಎಂದರು.

ಮರಿಗಳು ಈಜುವ ಹೊತ್ತಿಗೆ ತೊಟ್ಟಿಯಲ್ಲಿ ಜಾಗ ಸಾಲದಾಯಿತು. ಅರ್ಧವನ್ನು ಇಟ್ಟುಕೊಂಡು ಉಳಿದವನ್ನು ಹೊರಗೆ ಬಿಡಬೇಕಾಯಿತು. ಗಣಿಯ ನೀರಿನಲ್ಲಿ ರೋಗ ಇನ್ನೂ ಇತ್ತು.

“ಎಲ್ಲಿ ಬಿಡೋದು ಮೇಡಂ?” ಎಂದು ಸೂಜಿ ಕೇಳಿದಳು. “ತವರಿಗಾ?”

“ಬಕೆಟ್ಟು ತಾ” ಎಂದೆ. “ಈ ಸಲ ನಾನೇ ಹೋಗ್ತೀನಿ.”

ನೀಲಿ ಬಕೆಟ್ಟು ಹಳೆಯದಾಗಿ ಹಿಡಿ ಸಡಿಲವಾಗಿತ್ತು. ಬಸ್ಸಿನಲ್ಲಿ ಅದನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತೆ. ತಿರುವಿನಲ್ಲೆಲ್ಲ ನೀರು ತುಳುಕಿ, ಇಳಿಯುವ ಹೊತ್ತಿಗೆ ನನ್ನ ಸೀರೆಯ ಅಂಚು ತೊಯ್ದುಹೋಗಿತ್ತು. ಬಾಗಿಲು ತೆಗೆದ ತಂಗಿ ನನ್ನನ್ನೂ ಬಕೆಟ್ಟನ್ನೂ ಒದ್ದೆ ಸೀರೆಯನ್ನೂ ನೋಡಿದಳು. ಅವಳ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡು, ಬಕೆಟ್ಟಿನ ಇನ್ನೊಂದು ಕಡೆ ಹಿಡಿದುಕೊಂಡಳು.

“ಮಕ್ಕಳನ್ನ ಕರ್ಕೊಂಡು ಇವತ್ತು ಅಮ್ಮನೇ ಬಂದಿದಾಳೆ” ಎಂದಳು. “ಬಾ ಒಳಗೆ. ಅವನ್ನ ನೀರಿಗೆ ಬಿಟ್ಟು ಆಮೇಲೆ ಕಾಫಿ ಕುಡಿಯೋಣ. ಭಾವನೂ ಹಾಗೇ ಮಾಡಿದ್ರು.”